ಹಿತ್ತಾಳೆಯಾದ ಉಪ್ಪಿನಕಾಯಿ ಜಾಡಿ

ಹಿತ್ತಾಳೆ ಎಂದರೆ ಏನು? ಹಳದಿ ಬಣ್ಣ, ಹೊಳಪು, ಜೊತೆಗೆ ಸ್ವಲ್ಪ ಗತ್ತು. ಇವುಗಳಲ್ಲಿ ಮೊದಲ ಎರಡು ಅಂಗಡಿಯಲ್ಲಿ ಸಿಗುತ್ತವೆ, ಮೂರನೆಯದು ನನ್ನಲ್ಲಿ ಮೊದಲಿನಿಂದಲೂ ಬೇಕಾದಷ್ಟಿದೆ. ಹಾಗಿರುವಾಗ ಒಂದು ಪಿಂಗಾಣಿ ಪಾತ್ರೆಯನ್ನು ಹಿತ್ತಾಳೆಯಂತೆ ಕಾಣಿಸುವುದು ಯಾವ ಮಹಾ ಕೆಲಸ? ಹೀಗೆಂದುಕೊಂಡೇ ನಾನು ಈ ಸಾಹಸಕ್ಕೆ ಇಳಿದೆ.

ಎಲ್ಲಕ್ಕೂ ಕಾರಣ ನನ್ನ ಬಾಯಿ. ನನ್ನ ವಾರಗಿತ್ತಿ ರೂಪ, ಅಂದರೆ ನಮ್ಮ ಯಜಮಾನರ ತಮ್ಮನ ಹೆಂಡತಿ, ದಬ್ಬೇಘಟ್ಟದಲ್ಲಿ ಹೊಸ ಮನೆ ಕಟ್ಟಿಸಿದ್ದಳು. ಗೃಹಪ್ರವೇಶಕ್ಕೆ ಕೆಲವು ದಿನ ಇರುವಾಗ ಫೋನ್ ಮಾಡಿದಳು.

"ಅಕ್ಕ, ಬಾಗ್ಲ ಎರಡೂ ಕಡೆ ಹಿತ್ತಾಳೆ ಪಾತ್ರೇಲಿ ಹೊಂಬಾಳೆ ಇಡೋಣ ಅಂತಿದೀನಿ. ಒಂದು ನಮ್ಮಮ್ಮನ ಮನೇದು ಇದೆ. ಇನ್ನೊಂದು ಕಡೆಗೆ ನಿಮ್ಮ ತವರುಮನೇದು ಏನಾದ್ರೂ ದೊಡ್ಡದು ಇದ್ಯಾ? ಇಲ್ದಿದ್ರೆ ಪರವಾಗಿಲ್ಲ ಬಿಡಿ."

ಆ ಕೊನೆಯ ಮಾತನ್ನು ಅವಳು ಆಡಬಾರದಿತ್ತು. "ಇಲ್ದೆ ಏನು? ಇದೆ. ನಮ್ಮಜ್ಜಿ ಕಾಲದ್ದು!" ಅಂದುಬಿಟ್ಟೆ.

ನಮ್ಮಜ್ಜಿ ಕಾಲದಲ್ಲಿ ನಮ್ಮ ಮನೆಯಲ್ಲಿ ಇದ್ದದ್ದು ಮಣ್ಣಿನ ಗಡಿಗೆ. ಆಮೇಲೆ ಬಂದದ್ದು ಸ್ಟೀಲು. ನಡುವೆ ಹಿತ್ತಾಳೆಗೆ ನಮ್ಮ ಮನೆಗೆ ಬರಲು ಪುರುಸೊತ್ತೇ ಆಗಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಬಂದ ಯಜಮಾನರಿಗೆ ವಿಷಯ ಹೇಳಿದೆ. ಅವರು ಕೊಬ್ಬರಿ ವ್ಯಾಪಾರದವರು, ಮಾತಿನಲ್ಲೂ ತೂಕ ನೋಡುತ್ತಾರೆ.

"ಇಲ್ಲ ಅಂತ ಹೇಳಿದ್ರೆ ಏನಾಗ್ತಿತ್ತೇ?"

"ನಮ್ಮಪ್ಪನ ಮನೆ ಮರ್ಯಾದೆ ಹೋಗ್ತಿತ್ತು."

"ಹಂಗಾದ್ರೆ ತಿಪಟೂರಿಗೆ ಹೋಗಿ ಒಂದು ಕೊಂಡ್ಕಂಬಾ."

ಹೋದೆ. ಪಾತ್ರೆ ಅಂಗಡಿಯವನು ಒಂದನ್ನು ಎತ್ತಿ ತಕ್ಕಡಿಗೆ ಹಾಕಿ ಬೆಲೆ ಹೇಳಿದ. ನಾನು ಬಂದದ್ದೇ ಲೋಟ ನೋಡಲು ಎಂಬಂತೆ ಪಕ್ಕದಲ್ಲಿದ್ದ ಒಂದು ಸ್ಟೀಲ್ ಲೋಟ ಎತ್ತಿ, ತಿರುಗಿಸಿ ನೋಡಿ, ತಳ ಸರಿಯಿಲ್ಲ ಎಂದು ಹೇಳಿ ಹೊರಬಂದೆ.

ಮನೆಗೆ ಬಂದು ಮೊಬೈಲ್ ಹಿಡಿದು ಕೂತೆ. ಕಡಿಮೆ ಖರ್ಚಿನಲ್ಲಿ ಪಿಂಗಾಣಿಗೆ ಲೋಹದ ಹೊಳಪು ಬರಿಸುವವರು ಈ ಭೂಮಿಯ ಮೇಲೆ ಅಷ್ಟೊಂದು ಜನ ಇದ್ದಾರೆಂದು ಅವತ್ತೇ ಗೊತ್ತಾದದ್ದು. ಒಬ್ಬಳು ಬೂದಿ ಬಣ್ಣದ ಹೂದಾನಿಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಬೆಳ್ಳಿ ಮಾಡಿದಳು. ಇನ್ನೊಬ್ಬ ತಾಮ್ರ ಮಾಡಿದ. ಎಲ್ಲರೂ ನಗುನಗುತ್ತಲೇ ಮಾಡಿದರು. ಅವರಲ್ಲಿ ಯಾರಿಗೂ ವಾರಗಿತ್ತಿ ಇದ್ದಂತೆ ಕಾಣಲಿಲ್ಲ.

ಮೊದಲು ಚಹಾ ಕಪ್ಪುಗಳ ಮೇಲೆ ಪ್ರಯೋಗ, ಹೊಳಪು ಬಂದರೆ ದೊಡ್ಡ ಪಾತ್ರೆಯ ವಿಚಾರ ಎಂದು ತೀರ್ಮಾನಿಸಿದೆ. ವಿಜ್ಞಾನಿಗಳೂ ಹೀಗೇ ಮಾಡುವುದು.

ಪ್ರಥಮ ಪ್ರಯೋಗ ಫಾಯಿಲ್‌ನದು. ತಿಂಡಿ ಕಟ್ಟಿಕೊಡುವ ಬೆಳ್ಳಿ ಹಾಳೆಯನ್ನು ಮೈದಾ ಗೋಂದಿನಿಂದ ಕಪ್ಪಿಗೆ ಅಂಟಿಸಿ, ಸುಕ್ಕು ಹೋಗಲೆಂದು ಚಮಚದ ಬೆನ್ನಿನಿಂದ ನೀವಿದೆ. ಒಂದು ಕಡೆ ನೀವಿದರೆ ಇನ್ನೊಂದು ಕಡೆ ಸುಕ್ಕು ಏಳುತ್ತಿತ್ತು. ಸಂಜೆ ಯಜಮಾನರು ಅದನ್ನು ಕೈಗೆತ್ತಿಕೊಂಡು ಮೂಗಿನ ಹತ್ತಿರ ಹಿಡಿದರು.

"ಪುಳಿಯೋಗರೆನಾ, ಚಿತ್ರಾನ್ನನಾ?"

ಕಪ್ಪನ್ನು ಅವರ ಕೈಯಿಂದ ಕಿತ್ತುಕೊಂಡು ಕಟ್ಟೆಯ ಮೇಲಿಟ್ಟೆ. ಮಾರನೇ ದಿನದ ಹೊತ್ತಿಗೆ ಮೈದಾ ವಾಸನೆ ಹಿಡಿದು ಬಂದ ಇರುವೆಗಳು ಆ ಪ್ರಯೋಗವನ್ನು ತಾವೇ ಮುಕ್ತಾಯಗೊಳಿಸಿದವು.

ದ್ವಿತೀಯ ಪ್ರಯೋಗಕ್ಕೆ ಗುರು ಒಬ್ಬ ವಿದೇಶಿ ಗಡ್ಡದವನು. ಅವನು ವಿಡಿಯೋದಲ್ಲಿ ಕೆಂಡದಂತೆ ಕಾದ ಮಡಕೆಯನ್ನು ಇಕ್ಕಳದಲ್ಲಿ ಎತ್ತಿ, ಮರದ ಹೊಟ್ಟು ತುಂಬಿದ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚುತ್ತಾನೆ. ಒಳಗೆ ಹೊಗೆ ಸುತ್ತಿಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ತೆಗೆದರೆ ಮಡಕೆಯ ಮೈಯೆಲ್ಲ ತಾಮ್ರದ ಬಣ್ಣ, ನಡುನಡುವೆ ನವಿಲುಗರಿಯ ಬಣ್ಣ! ಅದಕ್ಕೆ ಬೇರೆಯದೇ ಮಣ್ಣು, ಬೇರೆಯದೇ ಮೆರುಗು, ಬೇರೆಯದೇ ಭಟ್ಟಿ ಬೇಕೆಂದು ಅವನು ಹೇಳಿರಲೂಬಹುದು. ಇಂಗ್ಲಿಷ್‌ನಲ್ಲಿ ಹೇಳಿದ, ನಾನು ಚಿತ್ರ ಮಾತ್ರ ನೋಡಿದೆ.

ನಮ್ಮಲ್ಲಿ ಭಟ್ಟಿ ಇಲ್ಲದಿದ್ದರೇನು, ಬಚ್ಚಲ ಒಲೆ ಇದೆ. ಸೌದೆಯ ಬದಲು ತೆಂಗಿನ ಕರಟ ತುಂಬಿದರೆ ಬರುವ ಕಾವಿಗೆ ಹಂಡೆಯೇ ನಡುಗುತ್ತದೆ. ಮರದ ಹೊಟ್ಟು ಇಲ್ಲದಿದ್ದರೆ ಕಾಯಿ ಸುಲಿದ ಮಟ್ಟೆಯ ನಾರಿನ ಪುಡಿ ಗುಡ್ಡೆಗಟ್ಟಲೆ ಬಿದ್ದಿದೆ. ಆ ಗಡ್ಡದವನು ನಮ್ಮ ಕಡೆ ಹುಟ್ಟಿದ್ದರೆ ಎಷ್ಟು ಮುಂದೆ ಬರುತ್ತಿದ್ದನೋ ಎಂದು ನನಗೆ ಅವನ ಮೇಲೆ ಕನಿಕರವೂ ಹುಟ್ಟಿತು.

ಕಪ್ಪುಗಳನ್ನು ಕೆಂಡದಲ್ಲಿ ಇಟ್ಟೆ. ಠಪ್! ಒಂದು ಹೋಯಿತು. ಠಪ್! ಇನ್ನೊಂದು. ಬದುಕುಳಿದ ಒಂದೇ ಒಂದನ್ನು ಅಡುಗೆಮನೆಯ ಇಕ್ಕಳದಲ್ಲಿ ಎತ್ತಿ ನಾರಿನ ಪುಡಿ ತುಂಬಿದ ಎಣ್ಣೆ ಡಬ್ಬಿಗೆ ಹಾಕಿದೆ. ಮುಚ್ಚಳ ಹುಡುಕಲು ತಿರುಗುವಷ್ಟರಲ್ಲಿ ಹೊಗೆ ಎದ್ದಿತು. ಎಂಥ ಹೊಗೆ! ನನ್ನ ಕೈ ನನಗೇ ಕಾಣಲಿಲ್ಲ.

ನಮ್ಮ ಬಚ್ಚಲಿಗೆ ಅಂಟಿಕೊಂಡೇ ಕೊಬ್ಬರಿ ಅಟ್ಟವಿದೆ. ನಮ್ಮ ಕಡೆ ಮನೆಯ ಮನುಷ್ಯರಿಗಿಂತ ಅಟ್ಟದ ಮೇಲಿನ ಕಾಯಿಗೇ ಮರ್ಯಾದೆ ಜಾಸ್ತಿ. ತಿಂಗಳುಗಟ್ಟಲೆ ಅಲ್ಲೇ ಮಲಗಿ ಅವು ಒಳಗೊಳಗೇ ಒಣಗಿ ಕೊಬ್ಬರಿಯಾಗಬೇಕು. ಅಂಥ ಅಟ್ಟದ ಹೆಂಚಿನ ಸಂದಿಯಿಂದ ಹೊಗೆ ಬರುವುದನ್ನು ಪಕ್ಕದ ಮನೆಯ ಜಯಣ್ಣ ನೋಡಿಬಿಟ್ಟರು.

"ಅಯ್ಯಯ್ಯೋ, ಅಟ್ಟಕ್ಕೆ ಬೆಂಕಿ ಬಿತ್ತು, ಬರ್ರಲಾ!"

ಬೀದಿಯ ಜನವೆಲ್ಲ ಕೊಡ, ಬಕೆಟ್ಟು ಹಿಡಿದು ನುಗ್ಗಿತು. ಅಟ್ಟ ಹತ್ತಿ ನೋಡಿದರೆ ಬೆಂಕಿ ಇಲ್ಲ. ಆದರೆ ಓಡೋಡಿ ತಂದ ನೀರನ್ನು ಸುಮ್ಮನೆ ವಾಪಸ್ ಒಯ್ಯಲಾದೀತೆ? ಹೊಗೆ ಎಲ್ಲಿಂದ ಬರುತ್ತಿದೆಯೋ ಅಲ್ಲಿಗೇ ಹುಯ್ದರು. ಅಲ್ಲಿ ನಾನಿದ್ದೆ.

ಹೊಗೆ ತಿಳಿಯಾದ ಮೇಲೆ ಜಯಣ್ಣ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಏನವ್ವಾ ಮಾಡ್ತಿದ್ದೆ?"

"ಕಪ್ಪಿಗೆ ಹೊಳಪು ಬರಿಸ್ತಿದ್ದೆ."

"ಸೋಪ್ ಹಾಕಿ ತೊಳುದ್ರೆ ಬರಾಕಿಲ್ವಾ?"

ಇಡೀ ಬೀದಿ ನಗುತ್ತಾ ಹೋಯಿತು. ಡಬ್ಬಿಯೊಳಗಿಂದ ಕಪ್ಪು ತೆಗೆದು ನೋಡಿದೆ. ಲೋಹದ ಬಣ್ಣ ಬಂದಿತ್ತು, ಸುಳ್ಳು ಹೇಳಬಾರದು. ಒಲೆಯ ಮೇಲಿನ ಕಬ್ಬಿಣದ ಬಾಣಲೆಯ ತಳದ ಬಣ್ಣ.

ಈ ಹೊತ್ತಿಗೆ ಮನೆಯಲ್ಲಿ ಕಪ್ಪುಗಳು ಮುಗಿದಿದ್ದವು, ದಿನಗಳೂ ಮುಗಿಯುತ್ತಾ ಬಂದಿದ್ದವು. ಉಳಿದ ದಾರಿ ಬಣ್ಣದ ಸ್ಪ್ರೇ ಒಂದೇ. ನಮ್ಮಣ್ಣ ಕೊಡಿಸಿದ ಸ್ಕೂಟಿ ಹತ್ತಿ ತಿಪಟೂರಿಗೆ ಹೋಗಿ, ಗಾಡಿಗಳಿಗೆ ಬಣ್ಣ ಹೊಡೆಯುವ ನಯಾಜ್‌ನ ಅಂಗಡಿಯಲ್ಲಿ ಗೋಲ್ಡನ್ ಸ್ಪ್ರೇ ಕೇಳಿದೆ.

"ಯಾವ್ ಗಾಡಿಗೆ ಅಕ್ಕ?"

ಪಿಂಗಾಣಿಗೆ ಎನ್ನಲು ನಾಚಿಕೆಯಾಯಿತು. "ಈ ಸ್ಕೂಟಿಗೆ" ಅಂದೆ.

ನಯಾಜ್ ಸ್ಕೂಟಿಯ ಸುತ್ತ ಒಂದು ಸುತ್ತು ಬಂದ. "ಪೂರಾ ಗೋಲ್ಡನ್ನಾ?"

"ಪೂರಾ."

"ಏಕ್‌ದಂ ಫಸ್ಟ್ ಕ್ಲಾಸ್ ಕಾಣ್ತದೆ ಅಕ್ಕ! ಆದ್ರೆ ಮೊದ್ಲು ಸ್ಯಾಂಡ್ ಪೇಪರ್ ಹಾಕಿ ಚೆನ್ನಾಗಿ ಉಜ್ಜಿ. ಗಾಜಿನ ಥರ ನುಣ್ಣಗಿದ್ರೆ ಬಣ್ಣ ಹಿಡಿಯಲ್ಲ. ಆಮೇಲೆ ಪ್ರೈಮರ್, ಆಮೇಲೆ ಗೋಲ್ಡನ್. ಒಣಗೋ ತನಕ ಮುಟ್ಟಂಗಿಲ್ಲ. ಆಗಿದ್ಮೇಲೆ ತಂದು ತೋರಿಸ್ಬೇಕು, ನಾನು ಫೋಟೋ ಹೊಡ್ಕೋತೀನಿ."

ಮೂರನ್ನೂ ಕೊಂಡು ಮನೆಗೆ ಬಂದೆ. ಬಣ್ಣವಿದೆ, ಉತ್ಸಾಹವಿದೆ, ಹೊಡೆಯಲು ಪಾತ್ರೆ ಮಾತ್ರ ಇಲ್ಲ! ಆಗ ನನ್ನ ಕಣ್ಣು ಅಂಗಳದ ಬಿಸಿಲಿನಲ್ಲಿ ಕೂತಿದ್ದ ಜಾಡಿಯ ಮೇಲೆ ಬಿತ್ತು.

ಸದರಿ ಜಾಡಿಯು ನಮ್ಮತ್ತೆಯವರದು. ಅವರು ಮದುವೆಯಾಗಿ ಈ ಮನೆಗೆ ಬಂದಾಗ ಜೊತೆಯಲ್ಲಿ ಬಂದದ್ದು. ಮೇಲರ್ಧ ಕಂದು, ಕೆಳಗರ್ಧ ಬಿಳುಪು, ಗುಂಡು ಹೊಟ್ಟೆ, ಗಿಡ್ಡ ಕತ್ತು. ಪ್ರತಿ ವರ್ಷ ಮಿಡಿ ಮಾವಿನಕಾಯಿ ಹಾಕುವುದು ಅದರಲ್ಲೇ. ಈ ಸಲವೂ ಅತ್ತೆ ಅದನ್ನು ತೊಳೆದು ಬಿಸಿಲಿಗಿಟ್ಟು ನೊಣವಿನಕೆರೆಯ ಮಗಳ ಮನೆಗೆ ಹೋಗಿದ್ದರು. ಹೋಗುವಾಗ ಹೇಳಿದ್ದು ಒಂದೇ ಮಾತು: "ನಾನ್ ಬರೋಗಂಟ ಅದನ್ನ ನೀರ್ ಕೈಲಿ ಮುಟ್ಟಬ್ಯಾಡ ಕಣವ್ವ."

ನೀರಿನ ಕೈಯಲ್ಲಿ ಮುಟ್ಟಲಿಲ್ಲ. ಬಣ್ಣದ ಕೈಯಲ್ಲಿ ಮುಟ್ಟಿದೆ.

ಆ ಜಾಡಿಗೆ ಏನಾದರೂ ಆದರೆ ವರ್ಷದ ಉಪ್ಪಿನಕಾಯಿಯೂ ಇಲ್ಲ, ನನಗೆ ಆ ಮನೆಯಲ್ಲಿ ಬಾಯಿಯೂ ಇಲ್ಲ. ಆದರೆ ಯೋಜನೆ ಭದ್ರವಾಗಿತ್ತು. ಗೃಹಪ್ರವೇಶದ ದಿನ ಬೆಳಿಗ್ಗೆ ಅತ್ತೆ ನೊಣವಿನಕೆರೆಯಿಂದ ನೇರ ದಬ್ಬೇಘಟ್ಟಕ್ಕೆ ಬರುತ್ತಾರೆ, ಊಟ ಮಾಡಿ ಮಗಳ ಜೊತೆಯೇ ಹಿಂದಿರುಗುತ್ತಾರೆ. ಅವರಿಗೆ ಕಣ್ಣು ಸ್ವಲ್ಪ ಮಂದ, ಹೊಂಬಾಳೆಯ ಕೆಳಗಿನ ಹಳದಿ ಪಾತ್ರೆ ತಮ್ಮ ಜಾಡಿಯೆಂದು ಹೇಗೆ ತಿಳಿದೀತು? ಅವರು ಮನೆಗೆ ಮರಳುವಷ್ಟರಲ್ಲಿ ನಾನು ಟರ್ಪೆಂಟೈನ್ ಹಾಕಿ ಬಣ್ಣ ತೆಗೆದು ಜಾಡಿಯನ್ನು ಅದೇ ಬಿಸಿಲಿನಲ್ಲಿ ಕೂರಿಸಿರುತ್ತೇನೆ.

ಬಾಯಿಗೆ ಬಟ್ಟೆ ಕಟ್ಟಿದೆ. ನನ್ನ ಬಾಯಿಗಲ್ಲ, ಜಾಡಿಯ ಬಾಯಿಗೆ, ಒಳಗೆ ಬಣ್ಣ ಬೀಳದಿರಲೆಂದು. ಅಷ್ಟು ಬುದ್ಧಿ ಇತ್ತು. ಸ್ಯಾಂಡ್ ಪೇಪರ್ ಕೈಗೆ ತೆಗೆದುಕೊಂಡವಳು ಕೆಳಗಿಟ್ಟೆ. ಉಜ್ಜಿದರೆ ಗೀರು ಬೀಳುತ್ತದೆ, ಗೀರು ಬಿದ್ದರೆ ಅತ್ತೆ ಕೇಳುತ್ತಾರೆ. ನಯಾಜ್ ಹೇಳಿದ್ದು ಸ್ಕೂಟಿಗೆ, ಜಾಡಿಗಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ. ಪ್ರೈಮರ್ ಹೊಡೆದೆ. ಗೋಲ್ಡನ್ ಹೊಡೆದೆ. ಮಿಠಾಯಿ ಡಬ್ಬಿಯಂತೆ ತೀರಾ ಹೊಸದಾಗಿ ಕಂಡಿತು. ಅಜ್ಜಿಯ ಕಾಲ ಬರಿಸಲು ಕರಿ ಬೂಟ್ ಪಾಲಿಶ್ ತೆಗೆದುಕೊಂಡು ಕತ್ತಿನಿಂದ ಹೊಟ್ಟೆಯವರೆಗೆ ತೆಳ್ಳಗೆ ಸವರಿದೆ.

ಅಬ್ಬಾ! ಸಾಕ್ಷಾತ್ ಹಿತ್ತಾಳೆ!

ಕಾಯಿ ಅಲ್ಲಾಡಿಸಿಯೇ ಒಳಗಿನ ಕೊಬ್ಬರಿಯ ಜಾತಕ ಹೇಳುವ ನಮ್ಮ ಯಜಮಾನರು ಬಾಗಿಲಲ್ಲೇ ನಿಂತುಬಿಟ್ಟರು.

"ಇದನ್ನ ಯಾವಾಗ ಕೊಂಡ್ಕಂಡೆ? ದುಡ್ಡು ಎಲ್ಲಿಂದ ಬಂತೇ?"

ಜೀವನದಲ್ಲಿ ನನಗೆ ಸಿಕ್ಕ ಅತ್ಯುನ್ನತ ಪ್ರಶಸ್ತಿ ಅದು. ವಿಷಯ ಹೇಳಿದಾಗ ಮಾತ್ರ ಅವರ ಮುಖ ಸಣ್ಣದಾಯಿತು. "ಅವ್ವನ ಜಾಡಿನಾ! ನನಗೆ ಗೊತ್ತೇ ಇಲ್ಲ ಕಣೇ. ನಾನು ನೋಡೇ ಇಲ್ಲ" ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದರು.

ಗೃಹಪ್ರವೇಶದ ಹಿಂದಿನ ದಿನ ಜಾಡಿಯನ್ನು ಹೂವಿನ ಬೆಡ್‌ಶೀಟಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಬಸ್ಸಿನ ಸೆಖೆಗೆ ಮೆತ್ತಗಾಗಿ ಬೆಡ್‌ಶೀಟಿನ ನೇಯ್ಗೆಯೆಲ್ಲ ಅದರ ಮೇಲೆ ಅಚ್ಚೊತ್ತಿತ್ತು. ದಬ್ಬೇಘಟ್ಟದಲ್ಲಿ ಬಿಚ್ಚಿ ನೋಡಿದಾಗ ನನ್ನ ಜೀವ ಬಾಯಿಗೆ ಬಂತು. ರೂಪ ಮಾತ್ರ ಬಗ್ಗಿ ನೋಡಿ ಬೆರಗಾದಳು.

"ಅಕ್ಕ, ಎಷ್ಟು ಸಣ್ಣ ಕೆತ್ತನೆ! ಈಗಿನ ಕಾಲದಲ್ಲಿ ಯಾರು ಮಾಡ್ತಾರೆ ಇಂಥ ಕೆಲಸ!"

"ಯಾರೂ ಮಾಡಲ್ಲ" ಅಂದೆ. ಅದು ನಿಜವೇ ತಾನೆ.

ಅವಳು ಬೆರಳಲ್ಲಿ ಬಡಿದು ನೋಡಿದಳು. "ಠಣ್ ಅನ್ನಲ್ವಲ್ಲ ಅಕ್ಕ?"

"ಹಳೇ ಕಾಲದ್ದು. ಮಾತು ಕಡಿಮೆ."

ಅವಳಮ್ಮನ ಮನೆಯ ಪಾತ್ರೆ ನನ್ನದರ ಪಕ್ಕದಲ್ಲಿ ನಿಜಕ್ಕೂ ಸಪ್ಪೆಯಾಗಿ ಕಂಡಿತು. ನಮ್ಮಪ್ಪನ ಮನೆ ಮರ್ಯಾದೆ ಕಟ್ಟಕಡೆಗೂ ಉಳಿಯಿತೆಂದು ಕಾಫಿ ಲೋಟ ಹಿಡಿದು ಹಿತ್ತಲಿಗೆ ಬಂದೆ. ಅಲ್ಲಿ ನಲ್ಲಿಯ ಪಕ್ಕ ಮಣೆ ಹಾಕಿಕೊಂಡು, ಸೀರೆ ಮೇಲೆತ್ತಿ ಕಟ್ಟಿ, ಮುಂದೆ ಹುಣಸೆಹಣ್ಣಿನ ಬಟ್ಟಲು, ಬೂದಿ, ತೆಂಗಿನ ನಾರು ಇಟ್ಟುಕೊಂಡು ಕೂತಿದ್ದವರು ನಮ್ಮತ್ತೆ!

"ಅತ್ತೆ, ನೀವು... ನಾಳೆ ಬರ್ತೀನಿ ಅಂದಿದ್ರಲ್ಲ?"

"ಈ ಹುಡುಗೀರಿಗೆ ಹಿತ್ತಾಳೆ ಬೆಳಗಾಕೆ ಎಲ್ ಬತ್ತದೆ? ಅದ್ಕೇ ಇವತ್ತೇ ಬಂದೆ. ಎಲ್ಲಾನೂ ಇತ್ಲಾಗೆ ತಗಂಬರ್ರವ್ವ."

ನಾನು ಇದನ್ನು ಮರೆತೇಬಿಟ್ಟಿದ್ದೆ. ಶುಭಕಾರ್ಯದ ಹಿಂದಿನ ದಿನ ಮನೆಯ ಹಿತ್ತಾಳೆಯೆಲ್ಲ ಹುಣಸೆಹಣ್ಣಿನಲ್ಲಿ ಉಜ್ಜಿಸಿಕೊಳ್ಳಬೇಕು, ಮತ್ತು ನಮ್ಮ ನೆಂಟರಿಷ್ಟರಲ್ಲಿ ಆ ಕೆಲಸಕ್ಕೆ ನಮ್ಮತ್ತೆಯನ್ನು ಬಿಟ್ಟರೆ ಬೇರೆಯವರಿಲ್ಲ. ಹಿತ್ತಾಳೆ ಅಲ್ಲದಿದ್ದರೆ ಜಾಡಿ ಬಚಾವಾಗುತ್ತಿತ್ತು. ನಾನೇ ಕಷ್ಟಪಟ್ಟು ಹಿತ್ತಾಳೆ ಮಾಡಿದ್ದೆ!

ರೂಪ ತಾನೇ ಅದನ್ನು ಎತ್ತಿ ತಂದು ಅತ್ತೆಯ ಮುಂದಿಟ್ಟಳು. "ಇದು ಅಕ್ಕನ ತವರುಮನೇದು ಅತ್ತೆ. ಅವರಜ್ಜಿ ಕಾಲದ್ದಂತೆ."

ಅತ್ತೆ ನನ್ನ ಕಡೆ ನೋಡಿದರು. "ಔದಾ? ಇಷ್ಟು ವರ್ಸದಲ್ಲಿ ನಾನ್ ನೋಡೇ ಇಲ್ವಲ್ಲವ್ವ."

ಉಜ್ಜಬೇಡಿ, ಅದು ಹಿತ್ತಾಳೆಯಲ್ಲ ಎಂದರೆ ರೂಪಳ ಮುಂದೆ ನನ್ನ ತವರು ಹೋಯಿತು. ಸುಮ್ಮನಿದ್ದರೆ ಅತ್ತೆಯ ಮುಂದೆ ನಾನೇ ಹೋದೆ. ಎರಡರ ನಡುವೆ ಸಿಕ್ಕಿಕೊಂಡು ಬಾಯಿಗೆ ಬಂದದ್ದನ್ನು ಹೇಳಿದೆ.

"ಅತ್ತೆ, ಅದನ್ನ ನಾನು ಬೆಳಗಿಯೇ ತಂದಿದೀನಿ. ನಿಮಗೆ ಕೈ ನೋಯುತ್ತೆ. ಬಿಡಿ ಅತ್ತೆ, ಹಳೇದು, ಅದಕ್ಕೆ ಹುಣಸೆಹಣ್ಣು ಆಗಿಬರಲ್ಲ."

"ಹಿತ್ತಾಳೆಗೆ ಹುಣಸೆಹಣ್ಣು ಆಗಾಕಿಲ್ವಾ? ಯಾಕೆ, ನಿಮ್ಮಪ್ಪನ ಮನೆ ಸಾಮಾನು ನಾನ್ ಮುಟ್ಟಬಾರ್ದೇನೆ?"

ಅತ್ತೆ ನಾರಿಗೆ ಹುಣಸೆಹಣ್ಣು ಬೂದಿ ಎರಡನ್ನೂ ಮೆತ್ತಿ, ಜಾಡಿಯ ಹೊಟ್ಟೆಯ ಮೇಲೆ ಕೈಯಿಟ್ಟರು. ಮೊದಲ ಸಲ ಉಜ್ಜಿದ್ದಕ್ಕೇ ಕರಿನೀರು ಇಳಿಯಿತು. ಅದು ನನ್ನ ಬೂಟ್ ಪಾಲಿಶ್.

"ಏನ್ ಕೊಳೆ ಕಣವ್ವಾ! ನಿಮ್ಮನೇರು ಇದನ್ನ ಒಂದ್ ದಿನಾನೂ ತೊಳ್ದೇ ಇಲ್ವಾ?"

ಸುತ್ತ ಪಾತ್ರೆ ತೊಳೆಯುತ್ತಿದ್ದ ಹೆಂಗಸರೆಲ್ಲ ಬಂದು ಬಗ್ಗಿ ನೋಡಿದರು. ಯಾವ ತವರುಮನೆಯ ಮರ್ಯಾದೆ ಉಳಿಸಲು ಇಷ್ಟೆಲ್ಲ ಮಾಡಿದೆನೋ, ಆ ಮನೆಯ ಶುಚಿತ್ವದ ಬಗ್ಗೆ ದಬ್ಬೇಘಟ್ಟದ ಹಿತ್ತಲಲ್ಲಿ ಸಭೆ ಸೇರಿತು. ಅತ್ತೆ ಹಟಕ್ಕೆ ಬಿದ್ದು ಮತ್ತೂ ಜೋರಾಗಿ ಉಜ್ಜಿದರು. ಈಗ ಇಳಿದದ್ದು ಬಂಗಾರದ ನೀರು. ಆಮೇಲೆ ಹಸಿ ತೊಗಲಿನಂತೆ ಬಣ್ಣ ಸುಲಿದು ಬಂತು. ಅದರ ಕೆಳಗೆ ನುಣ್ಣಗೆ, ಬೆಳ್ಳಗೆ, ಹಲ್ಲು ಕಿರಿದಂತೆ ಪಿಂಗಾಣಿ!

"ಅಯ್, ಅತ್ತೆ ಹಿತ್ತಾಳೆ ಉಜ್ಜಿ ಉಜ್ಜಿ ಬೆಳ್ಳಿ ಮಾಡ್ಬುಟ್ರು!" ಅಂದಳು ಯಾರೋ ಒಬ್ಬಳು.

ಅತ್ತೆಯ ಕೈ ನಿಂತಿತು. ಅವರ ಬೆರಳು ಜಾಡಿಯ ಭುಜದ ಹತ್ತಿರ ಏನನ್ನೋ ಹುಡುಕಿತು. ಅಲ್ಲಿ ಒಂದು ಸಣ್ಣ ಚಕ್ಕೆ ಎದ್ದ ಜಾಗವಿದೆ, ಹಿಂದೊಮ್ಮೆ ಗುಂಡುಕಲ್ಲು ತಾಗಿ ಆದದ್ದು. ಬೆರಳು ಅಲ್ಲಿಗೆ ಹೋಗಿ ನಿಂತಿತು. ಅವರು ಜಾಡಿಯ ಬಾಯಿಗೆ ಮೂಗು ಹಿಡಿದು ಒಮ್ಮೆ ಉಸಿರೆಳೆದುಕೊಂಡು, ನಿಧಾನವಾಗಿ ತಲೆಯೆತ್ತಿದರು.

"ರೂಪಾ, ನಿಮ್ಮಕ್ಕನ ತವರುಮನೆ ಹಿತ್ತಾಳೇಲಿ ನಮ್ಮನೆ ಉಪ್ಪಿನಕಾಯಿ ವಾಸ್ನೆ ಬತ್ತಾದೆ ಕಣೇ."

ಹಿತ್ತಲು ನಗೆಯಲ್ಲಿ ಮುಳುಗಿತು. ರೂಪ ಕಂಬ ಹಿಡಿದುಕೊಂಡು ನಕ್ಕಳು. ಆಗಷ್ಟೇ ಊರಿನಿಂದ ಬಂದಿದ್ದ ನಮ್ಮ ಯಜಮಾನರು ಬಾಗಿಲ ಮರೆಯಲ್ಲಿ ನಿಂತು, ಏನೂ ಗೊತ್ತಿಲ್ಲದವರ ಹಾಗೆ ನಕ್ಕರು. ಬೈದಿದ್ದರೂ ತಡೆದುಕೊಳ್ಳುತ್ತಿದ್ದೆನೇನೋ, ನನಗೆ ಕಣ್ಣಲ್ಲಿ ನೀರೇ ಬಂತು. ಅದನ್ನು ಕಂಡು ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡರು.

"ಅಳ್ತೀಯಾ ಯಾಕೆ? ಜಾಡಿ ಬೇಕು ಅಂತ ಕೇಳಿದ್ರೆ ನಾನ್ ಬ್ಯಾಡ ಅಂತಿದ್ನಾ? ಇದು ಅಪ್ಪನ ಮನೆಯಿಂದ ಬಂದದ್ದೇ ಕಣೆ. ನಿಮ್ಮಪ್ಪನ ಮನೇದಲ್ಲ, ನಮ್ಮಪ್ಪನ ಮನೇದು. ಬುಡು, ನಾಳೆ ಇದನ್ನೇ ಬಾಗ್ಲಲ್ಲಿ ಇಡಾನ."

ಇಟ್ಟರು. ಬಾಗಿಲ ಆ ಕಡೆ ರೂಪಳ ಅಮ್ಮನ ಹಿತ್ತಾಳೆ, ಈ ಕಡೆ ನಮ್ಮತ್ತೆಯ ಉಪ್ಪಿನಕಾಯಿ ಜಾಡಿ. ಎರಡರಲ್ಲೂ ಆಗತಾನೆ ಕುಯ್ದು ತಂದ ಹೊಂಬಾಳೆ ಹಳದಿಯಾಗಿ ಬಿರಿದು ತೂಗುತ್ತಿತ್ತು. ಬಂದವರೆಲ್ಲ ಹೊಂಬಾಳೆಯನ್ನೇ ನೋಡಿ ಹೊಗಳಿ ಒಳಗೆ ಹೋದರು. ಕೆಳಗಿನ ಪಾತ್ರೆ ಯಾವುದರದ್ದೆಂದು ಯಾರೂ ಬಗ್ಗಿ ನೋಡಲಿಲ್ಲ! ಇಷ್ಟು ದಿನ ನಾನು ಹೊಗೆ ಕುಡಿದದ್ದು, ನೀರು ಹುಯ್ಯಿಸಿಕೊಂಡದ್ದು ಯಾರಿಗಾಗಿ?

ಈಗ ಜಾಡಿ ಮನೆಗೆ ಮರಳಿದೆ, ಮಿಡಿ ಮಾವಿನಕಾಯಿಯೂ ಬಿದ್ದಿದೆ. ಕತ್ತಿನ ಸಂದಿಯಲ್ಲಿ ಮಾತ್ರ ನಾರು ಹೋಗದ ಕಡೆ ಒಂದು ಎಳೆ ಬಂಗಾರದ ಬಣ್ಣ ಹಾಗೇ ಉಳಿದಿದೆ. ಟರ್ಪೆಂಟೈನ್ ತಂದರೆ ಅತ್ತೆ ಬಿಡುತ್ತಿಲ್ಲ. ಊಟಕ್ಕೆ ಬಂದವರಿಗೆಲ್ಲ ಉಪ್ಪಿನಕಾಯಿ ಬಡಿಸುವಾಗ ತೋರಿಸುತ್ತಾರೆ. "ನೋಡ್ರವ್ವ, ನನ್ ಸೊಸೆ ನನ್ ಜಾಡಿಗೆ ಚಿನ್ನದ ಸರ ಮಾಡ್ಸವಳೆ."

ಇಷ್ಟಕ್ಕೇ ಮುಗಿಯಿತೆಂದುಕೊಂಡಿರಾ? ತಿಪಟೂರಿಗೆ ಹೋದಾಗಲೆಲ್ಲ ನಯಾಜ್ ರಸ್ತೆಯ ಆ ಬದಿಯಿಂದ, "ಅಕ್ಕ, ಗೋಲ್ಡನ್ ಸ್ಕೂಟಿ ಎಲ್ಲಿ?" ಎಂದು ಕೂಗಲು ಶುರುಮಾಡಿದ. ಅವನ ಕಾಟ ತಡೆಯಲಾರದೆ, ಡಬ್ಬಿಯಲ್ಲಿ ಉಳಿದಿದ್ದ ಬಣ್ಣವನ್ನು ಒಂದು ದಿನ ಸ್ಕೂಟಿಯ ಮುಂಭಾಗದ ತಗಡಿಗೇ ಹೊಡೆದೆ. ಈ ಸಲ ಸ್ಯಾಂಡ್ ಪೇಪರ್ ಹಾಕಿ ಉಜ್ಜಿದೆ, ಪ್ರೈಮರ್ ಹೊಡೆದೆ, ಒಣಗುವ ತನಕ ಮುಟ್ಟಲಿಲ್ಲ. ಮಳೆಗೂ ಜಗ್ಗದೆ ಅದು ಫಳಫಳ ಹೊಳೆಯುತ್ತಿದೆ. ನನ್ನ ಕೈಯಿಂದ ಈ ಜನ್ಮದಲ್ಲಿ ಲೋಹದ ಹೊಳಪು ಸರಿಯಾಗಿ ಕೂತದ್ದು ಒಂದೇ ವಸ್ತುವಿಗೆ, ಅದೂ ಮೊದಲೇ ಲೋಹವಾಗಿತ್ತು.

ಮೊನ್ನೆ ಹಬ್ಬಕ್ಕೆ ಅತ್ತೆ ಹುಣಸೆಹಣ್ಣು ನೆನೆಹಾಕಿ ಅಂಗಳದಲ್ಲಿ ಕೂತಿದ್ದರು. ದೀಪ, ಚೊಂಬು, ಹರಿವಾಣ ಎಲ್ಲ ಮುಂದಿಟ್ಟೆ. ಅವರು ಒಮ್ಮೆ ಅದನ್ನೆಲ್ಲ ನೋಡಿದರು, ಒಮ್ಮೆ ಗೋಡೆಯ ಪಕ್ಕ ನಿಂತಿದ್ದ ಸ್ಕೂಟಿ ಕಡೆ ನೋಡಿದರು.

"ಅದನ್ನೂ ಇತ್ಲಾಗೆ ತಳ್ಕಂಬಾರವ್ವ, ಒಂದ್ ಕೈ ಉಜ್ಜಾನ. ಅದೂ ನಿಮ್ಮ ತವರುಮನೇದೇ ಅಲ್ವಾ?"

ಸ್ಕೂಟಿ ನಿಜವಾಗಿಯೂ ನನ್ನ ತವರುಮನೆಯದು. ಹೇಳಿದರೆ ಈಗ ಯಾರೂ ನಂಬುವುದಿಲ್ಲ.